ಹಳೆಯ ಕೋವಿ, ಹೊಸ ತೋಟಾ

ಕಳೆದ ವರ್ಷ ಆಗಸ್ಟ್ ತಿಂಗಳ ಕೊನೆಯ ಒಂದು ಸಂಜೆ. ಮಳೆ ತುಸು ಬಿಡುವು ಕೊಟ್ಟಿತ್ತು. ನನ್ನ ಅಣ್ಣನ ಮಗ, ಹಳೆಯ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ತೋಳುಗಳ ಮೇಲೆ ಎತ್ತಿಕೊಂಡು ಮಡಿಕೇರಿಯ ನಮ್ಮ ಮನೆಗೆ ಬಂದ. ಬಿಚ್ಚಿ ನೋಡಿದರೆ ಒಂದು ಜೋಡುನಳಿಗೆಯ ಕೋವಿ. ಇಂದಿನ ಕೋವಿಗಳಂತೆ ಒಳಗೆ ಅಡಗಿದ ಯಂತ್ರವಲ್ಲ. ಎರಡು ಕುದುರೆಗಳು ಹಾವಿನ ಹೆಡೆಯಂತೆ ಹೊರಗೇ ಎದ್ದು ನಿಂತಿದ್ದವು. ನಳಿಗೆಯ ಮೇಲೆಲ್ಲ ಮರದ ಕೊರಡಿನಲ್ಲಿ ಕಾಣುವಂಥ ಸುಳಿಸುಳಿಯಾದ ಗೆರೆಗಳು. ಅವನ ತಾಮನೆಯಲ್ಲಿ, ಅಂದರೆ ತಾಯಿಯ ತವರಿನಲ್ಲಿ, ಮೂರು ತಲೆಮಾರಿನಿಂದ ಇದ್ದುದಂತೆ. ಮಕ್ಕಳಿಲ್ಲದ ಮಾವ ಅದನ್ನು ಸೋದರಳಿಯನಿಗೆ ಕೊಟ್ಟಿದ್ದರು. ಕಾಗದಪತ್ರಗಳೆಲ್ಲ ಕ್ರಮವಾಗಿಯೇ ಆಗಿದ್ದವು.

ಹುಡುಗ ಹೇಳಿದ: "ಕುಂಞಪ್ಪ, ಇದರ ಅಡಿಯಲ್ಲಿ 13 ಎಂದು ಒತ್ತಿದ್ದಾರೆ. ಅಂಗಡಿಯಲ್ಲಿ ಕೇಳಿದರೆ 13ರ ತೋಟಾ ಎಂಬುದೇ ಇಲ್ಲ ಅಂದರು. 12ರದ್ದನ್ನು ಹಾಕಿ ನೋಡಿದೆ, ಸಲೀಸಾಗಿ ಕೂತಿತು. ಹಬ್ಬಕ್ಕೆ ಅದನ್ನೇ ಕೊಳ್ಳಲೇ? ನೀವು ಓದಿದವರು. ನೋಡಿ ಹೇಳಿ. ಅಪ್ಪನಿಗೆ ಇನ್ನೂ ತೋರಿಸಿಲ್ಲ."

ಈ ಮಾತಿನಲ್ಲಿ ಎರಡು ತುಂಡುಗಳು ನನ್ನ ಎದೆಗೆ ತಾಗಿದವು. ಒಂದು, 'ಸಲೀಸಾಗಿ ಕೂತಿತು' ಎಂಬುದು. ಇನ್ನೊಂದು, 'ನೀವು ಓದಿದವರು' ಎಂಬುದು. ಈ ಎರಡೂ ಮಾತುಗಳನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಅವುಗಳ ಬೆಲೆಯನ್ನು ತೆತ್ತವನು ಈ ಹುಡುಗನ ತಂದೆ. ಆ ಕಥೆಯನ್ನು ಇದುವರೆಗೆ ನಾನು ಯಾರೆದುರಿಗೂ ಪೂರ್ತಿಯಾಗಿ ಹೇಳಿದವನಲ್ಲ. ಆದರೆ ಹಳೆಯ ಕೋವಿಗಳನ್ನು ಮನೆಯಲ್ಲಿಟ್ಟುಕೊಂಡ ಸಂಸಾರಗಳು ನಮ್ಮ ನಾಡಿನಲ್ಲಿ ಇನ್ನೂ ಇವೆ. ಅವರ ಪೈಕಿ ಒಬ್ಬರಿಗಾದರೂ ಉಪಯೋಗವಾದೀತೆಂದು ಈ ಹೊತ್ತು ಹೇಳುತ್ತಿದ್ದೇನೆ.

ಕೊಡಗಿನವರಲ್ಲದ ಕೇಳುಗರಿಗೆ ನಮ್ಮ ಮನೆಗಳಲ್ಲಿ ಕೋವಿಗಿರುವ ಸ್ಥಾನವನ್ನು ಎರಡು ಮಾತಿನಲ್ಲಿ ಹೇಳಬೇಕು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವುದು, ಸಾವಾದರೆ ಎರಡು ಗುಂಡು ಹಾರಿಸುವುದು ಹಿಂದಿನಿಂದ ಬಂದ ಕ್ರಮ. ಪುತ್ತರಿಯ ರಾತ್ರಿ ಹೊಸ ತೆನೆ ಕೊಯ್ಯುವಾಗಲೂ ಗುಂಡಿನ ಸದ್ದಾಗಬೇಕು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಂತೂ ಆಯುಧಗಳಿಗೇ ಪೂಜೆ. ಅಂದು ಕೋವಿಗಳನ್ನು ತೊಳೆದು ಒರೆಸಿ ಕನ್ನಿಕೊಂಬರೆಯಲ್ಲಿಟ್ಟು, ಅವುಗಳ ಬಾಯಿಗೆ ತೋಕ್ ಪೂ ಎಂಬ ಕೆಂಪು ಹಳದಿ ಬಣ್ಣದ ಕಾಡುಹೂವನ್ನು ಸಿಕ್ಕಿಸುತ್ತೇವೆ. ತೋಕ್ ಎಂದರೆ ನಮ್ಮ ಮಾತಿನಲ್ಲಿ ಕೋವಿ. ಪೂಜೆ, ಊಟ ಮುಗಿದ ಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ದೊರೆತದ್ದು 1861ರಷ್ಟು ಹಿಂದೆ. 1959ರ ಆಯುಧ ಕಾಯಿದೆಯ ಅಡಿಯಲ್ಲಿಯೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ವಿಸ್ತರಿಸಿದೆ. ಉಳಿದ ಕಡೆಗಳಲ್ಲಿ ಹಳೆಯ ಕೋವಿಗೂ ಪರವಾನಗಿ ಬೇಕು. ಪುರಾತನ ವಸ್ತುವೆಂದು ಕಾಯಿದೆ ಬಿಟ್ಟುಕೊಡುವುದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂಥ ಆಯುಧವನ್ನು ಮಾತ್ರ. ನೂರು ವರ್ಷ ಹಳೆಯದು ಎಂಬ ಒಂದೇ ಕಾರಣ ಸಾಲದು. ಅದೇನೇ ಇರಲಿ, ಸರಕಾರ ವಿನಾಯಿತಿ ಕೊಟ್ಟೀತು. ಮದ್ದು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಇದನ್ನು ನಾನು ಕಲಿತದ್ದು 1988ರ ಕೈಲ್‌ಪೊಳ್ದಿನ ದಿನ.

ಆಗ ನನಗೆ ಇಪ್ಪತ್ತೇಳು ವರ್ಷ. ಕನ್ನಡ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಅಧ್ಯಾಪಕನಾಗಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಹಳಗನ್ನಡ ವ್ಯಾಕರಣವನ್ನೂ ಶಾಸನಗಳನ್ನೂ ಪಾಠ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಜೋಡುನಳಿಗೆಯ ತೋಟಾ ಕೋವಿ ಇತ್ತು. ಕಾಫಿ ತೋಟ ಮಾರಿ ಸೀಮೆಗೆ ಹೊರಟ ದೊರೆಯೊಬ್ಬನಿಂದ ಅಜ್ಜ ಕೊಂಡದ್ದು. ಅಜ್ಜ ಅದಕ್ಕೆ ಅಂಗಡಿಯ ತೋಟಾ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಅವರ ಬಳಿ ಒಂದು ತಗಡಿನ ಡಬ್ಬಿಯಲ್ಲಿ ಹಿತ್ತಾಳೆಯ ಖಾಲಿ ತೋಟಾಗಳಿದ್ದವು. ಬೇಕಾದಾಗ ಅವಕ್ಕೆ ಹೊಸ ಕೇಪು ಕೂರಿಸಿ, ಕರಿಮದ್ದನ್ನು ಅಳೆದು ಸುರಿದು, ರಟ್ಟಿನ ಬಿಲ್ಲೆ ಒತ್ತಿ, ಚರೆ ತುಂಬಿ, ಮೇಲೆ ಇನ್ನೊಂದು ಬಿಲ್ಲೆ ಕೂರಿಸುತ್ತಿದ್ದರು. ಹಾರಿಸಿದ ದಿನ ರಾತ್ರಿ ನಳಿಗೆಯೊಳಕ್ಕೆ ಬಿಸಿನೀರು ಹೊಯ್ದು ತೊಳೆಯುವುದೂ ಅವರೇ. ಕೊಳೆತ ಮೊಟ್ಟೆಯಂಥ ಆ ಗಂಧಕದ ವಾಸನೆ ನನ್ನ ಬಾಲ್ಯದ ಹಬ್ಬದ ವಾಸನೆ. ಅಜ್ಜ ತೀರಿಕೊಂಡ ಮೇಲೆ ಕೋವಿ ಪೂಜೆಗೆ ಮಾತ್ರ ಇಳಿಯುತ್ತಿತ್ತು. ಹಿತ್ತಾಳೆಯ ಡಬ್ಬಿ ಎಲ್ಲಿ ಹೋಯಿತೋ ತಿಳಿಯದು.

ಆ ವರ್ಷ ಅಣ್ಣನಿಗೆ ಅದನ್ನು ಸ್ಪರ್ಧೆಗೆ ಒಯ್ಯಬೇಕೆಂಬ ಆಸೆ ಹುಟ್ಟಿತು. "ನೀನು ಓದಿದವನು, ಪೇಟೆಯಲ್ಲಿರುವವನು. ಸರಿಯಾದ ತೋಟಾ ನೋಡಿ ತಾ" ಎಂದು ನನಗೆ ಹೇಳಿದ. ನಾನು ಕೋವಿಯನ್ನು ನೋಡಿದೆ. 12 ಎಂಬ ಅಂಕಿ ಕಂಡಿತು. ಅಂಗಡಿಗೆ ಹೋಗಿ 12 ಬೋರಿನ ತೋಟಾ ಕೇಳಿದೆ. ಅವರು ಕೊಟ್ಟರು. ಪೆಟ್ಟಿಗೆಯ ಮೇಲೆ 70 ಮಿ.ಮೀ. ಎಂದಿತ್ತು. ಅದನ್ನೂ ಓದಿದೆ. ಅದು ತೋಟಾದ ಉದ್ದವಿರಬೇಕೆಂದುಕೊಂಡು ಸುಮ್ಮನಾದೆ. ಮನೆಗೆ ತಂದು ಒಂದನ್ನು ನಳಿಗೆಗೆ ಹಾಕಿದಾಗ ಅದು ಸಲೀಸಾಗಿ ಕೂತಿತು. ಕೋವಿ ಮುಚ್ಚಿತು. "ಆಯಿತಲ್ಲ" ಎಂದ ಅಣ್ಣ. "ಆಯಿತು" ಎಂದೆ ನಾನು.

ಮೊದಲನೆಯ ಗುಂಡು, ಬಲನಳಿಗೆಯದು, ಕಾಯಿಗೆ ತಾಗಲಿಲ್ಲ. ಭುಜಕ್ಕೆ ಬಡಿತ ಮಾತ್ರ ಜೋರಾಗಿತ್ತೆಂದು ಅಣ್ಣ ನಕ್ಕ. ಎರಡನೆಯದಕ್ಕೆ ಎಡನಳಿಗೆ ಬಾಯಿ ಬಿಟ್ಟಿತು. ತೋಟಾ ಕೂರುವ ಜಾಗದಿಂದ ತುಸು ಮುಂದೆ, ಎಡಗೈ ಹಿಡಿಯುವಲ್ಲಿಯೇ, ಕಬ್ಬಿಣ ಸೀಳಿ ಹೊರಕ್ಕೆ ಮಗುಚಿತ್ತು. ಅಣ್ಣನ ಎಡಗೈಯ ಎರಡು ಬೆರಳುಗಳು ಉಳಿಯಲಿಲ್ಲ. ಆಸ್ಪತ್ರೆಯ ಹಾದಿಯಲ್ಲಿ ಅವನು ಒಂದೇ ಮಾತು ಕೇಳಿದ: "ಮದ್ದು ಹಾಳಾಗಿತ್ತೇನು?" ನಾನು ಉತ್ತರ ಕೊಡಲಿಲ್ಲ. ಆ ಮೇಲೆ ಮೂವತ್ತೇಳು ವರ್ಷ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದುದರಿಂದ ಅವನ ಮಗ ತಂದ ಕೋವಿಯನ್ನು ನಾನು ಮರುದಿನವೇ, ನಮ್ಮ ಜಿಲ್ಲೆಯಲ್ಲಿಯೇ ಇರುವ ಹಿರಿಯ ಕೋವಿ ಕಸಬುದಾರರೊಬ್ಬರ ಬಳಿಗೆ ಹುಡುಗನೊಂದಿಗೆ ಒಯ್ದೆ. ಹೋಗುವಾಗ ತೋಟಾ ಒಂದನ್ನೂ ಒಯ್ಯಬೇಡವೆಂದೆ. ಅಲ್ಲಿ ಅರ್ಧ ದಿನ ಕೂತು ಕಲಿತದ್ದನ್ನು, ಆಮೇಲೆ ಪುಸ್ತಕಗಳಲ್ಲಿ ಹುಡುಕಿ ಖಚಿತಪಡಿಸಿಕೊಂಡದ್ದನ್ನು, ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಆ ಅಂಕಿಯ ಅರ್ಥ. 12 ಬೋರ್ ಎಂದರೆ ಹನ್ನೆರಡು ಏನು? ಇಂಚಲ್ಲ, ಮಿಲಿಮೀಟರಲ್ಲ. ಒಂದು ಪೌಂಡು ತೂಕದ ಶುದ್ಧ ಸೀಸವನ್ನು ಹನ್ನೆರಡು ಸಮನಾದ ಉಂಡೆ ಮಾಡಿದರೆ, ಅಂಥ ಒಂದು ಉಂಡೆ ಯಾವ ನಳಿಗೆಯಲ್ಲಿ ಸರಿಯಾಗಿ ಹಿಡಿಸುತ್ತದೆಯೋ ಅದು 12 ಬೋರಿನ ನಳಿಗೆ. ಅದರ ಅಡ್ಡಳತೆ ಸುಮಾರು 18.5 ಮಿ.ಮೀ. ಅದೇ ಪೌಂಡನ್ನು ಹದಿನಾರು ಮಾಡಿದರೆ ಉಂಡೆ ಚಿಕ್ಕದಾಗುತ್ತದೆ. ಹಾಗಾಗಿ 16 ಬೋರಿನ ನಳಿಗೆ 16.8 ಮಿ.ಮೀ., 20 ಬೋರಿನದು 15.6 ಮಿ.ಮೀ. ಅಂಕಿ ದೊಡ್ಡದಾದಷ್ಟೂ ಕೋವಿ ಸಣ್ಣದು. 410 ಎಂಬ ಸಣ್ಣ ಕೋವಿಯದೊಂದೇ ಇಂಚಿನ ಲೆಕ್ಕ. ಚರೆಯ ಸಂಖ್ಯೆಯೂ ಹೀಗೆಯೇ ತಲೆಕೆಳಗು. ಇಂಗ್ಲಿಷರ ಅಳತೆಯಲ್ಲಿ 6ನೆಯ ನಂಬರಿನ ಚರೆ ಒಂದು ಔನ್ಸಿಗೆ 270 ಕಾಳು. 4ನೆಯ ನಂಬರಿನದು 170. ನಮ್ಮ ಹಿರಿಯರು ಹುಲಿ ಹಂದಿಗಳ ಮಾತಿನಲ್ಲಿ ಹೇಳುತ್ತಿದ್ದ ಎಸ್.ಜಿ. ಔನ್ಸಿಗೆ ಎಂಟು, ಎಲ್.ಜಿ. ಆರು. ಬೇಟೆಗೆ 1972ರ ವನ್ಯಜೀವಿ ಕಾಯಿದೆ ತೆರೆ ಎಳೆದ ಮೇಲೆ ಈ ಹೆಸರುಗಳು ಹೆಚ್ಚಾಗಿ ಮುದುಕರ ಮಾತಿನಲ್ಲೂ ಕಾದಂಬರಿಗಳ ಪುಟಗಳಲ್ಲೂ ಉಳಿದಿವೆ.

ಹಾಗಾದರೆ ಹುಡುಗ ಕಂಡ 13 ಯಾವುದು? ಕಸಬುದಾರರು ಕೋವಿಯ ನಳಿಗೆಯನ್ನು ಹಿಡಿಮರದಿಂದ ಬಿಡಿಸಿ ಮಗುಚಿ ಹಿಡಿದರು. ನಳಿಗೆಯ ಹಿಂತುದಿಯ ಕೆಳಮೈಯಲ್ಲಿ, ಕೋವಿ ಕೂಡಿಸಿದಾಗ ಕಣ್ಣಿಗೆ ಬೀಳದ ಚಪ್ಪಟೆ ಜಾಗದಲ್ಲಿ, ಅಂಗುಲದಗಲದ ಒಂದು ಬರಹವಿತ್ತು. ಅಡ್ಡಡ್ಡವಾಗಿಟ್ಟ ಎರಡು ರಾಜದಂಡಗಳು, ಮೇಲೊಂದು ಕಿರೀಟ, ಸಂದುಗಳಲ್ಲಿ ಪುಟ್ಟ ಅಕ್ಷರಗಳು. ಪಕ್ಕದಲ್ಲಿ 13. ಅದರಾಚೆ ಓರೆ ಚೌಕದೊಳಗೆ 12 ಮತ್ತು ಸಿ ಎಂಬ ಇಂಗ್ಲಿಷ್ ಅಕ್ಷರ. "ಇದು ಕೋವಿಯ ಜಾತಕ" ಎಂದರು ಅವರು. ನನಗೆ ಜಾತಕಕ್ಕಿಂತ ಶಾಸನವೆಂದು ತೋರಿತು.

ಇಂಗ್ಲೆಂಡಿನಲ್ಲಿ ನಳಿಗೆ ಮಾಡಿದವನು ಅದನ್ನು ಹಾಗೆಯೇ ಮಾರುವಂತಿರಲಿಲ್ಲ. ಪರೀಕ್ಷಾಗೃಹಕ್ಕೆ ಒಪ್ಪಿಸಬೇಕಾಗಿತ್ತು. ಲಂಡನ್ನಿನ ಕೋವಿಗಾರರ ಸಂಘಕ್ಕೆ ರಾಜಮುದ್ರೆ ದೊರೆತದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಸ್ಥಾಪಿತವಾಯಿತು. ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿಯೂ ಇಂಥದೇ ಒಂದು ಇತ್ತು. ಅದರ ಮುದ್ರೆ ಕೋಳಿಮೊಟ್ಟೆಯಾಕಾರದ ಗೆರೆಯೊಳಗಿನ ಇ.ಎಲ್.ಜಿ. ಅಕ್ಷರಗಳು. ಅಲ್ಲಿ ನಳಿಗೆಗೆ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸುತ್ತಿದ್ದರು. ತಡೆದುಕೊಂಡರೆ, ಉಬ್ಬು ಬಿರುಕುಗಳಿಲ್ಲವೆಂದು ಕಣ್ಣಿಟ್ಟು ನೋಡಿದ ಮೇಲೆ, ಮುದ್ರೆ ಒತ್ತುತ್ತಿದ್ದರು. ಕಾಲ ಬದಲಾದಂತೆ ಮುದ್ರೆಯ ಭಾಷೆಯೂ ಬದಲಾಯಿತು. ಓರೆ ಚೌಕದ ಗುರುತು ಬಂದದ್ದು 1887ರ ನಿಯಮದಿಂದ. ಹೊಗೆಯಿಲ್ಲದ ಹೊಸ ಮದ್ದಿಗೆ, ಅಂದರೆ ನೈಟ್ರೊ ಮದ್ದಿಗೆ, ಬೇರೆಯೇ ಪರೀಕ್ಷೆ ಬ್ರಿಟನ್ನಿನಲ್ಲಿ ಆರಂಭವಾದದ್ದು 1896ರಲ್ಲಿ. ತೋಟಾ ಕೂರುವ ಜಾಗದ ಉದ್ದವನ್ನು ಇಂಚಿನಲ್ಲಿ ಒತ್ತುವ ಕ್ರಮ 1925ರದು. ನಳಿಗೆ ತಡೆಯಬಲ್ಲ ಒತ್ತಡವನ್ನು ಚದರ ಇಂಚಿಗೆ ಇಷ್ಟು ಟನ್ ಎಂದು ಬರೆಯತೊಡಗಿದ್ದು 1954ರ ನಿಯಮದಿಂದ.

ಈಗ ಆ ಕೋವಿಯ ಬರಹವನ್ನು ಓದಬಹುದು. ಓರೆ ಚೌಕದ 12, ತೋಟಾ ಯಾವ ಬೋರಿನದೆಂದು ಹೇಳುತ್ತದೆ. ಪಕ್ಕದ 13, ಮುಂದಿನ ನಳಿಗೆಯ ಒಳಗಿನ ನಿಜವಾದ ಅಳತೆ; ಸುಮಾರು 18 ಮಿ.ಮೀ. ಆ ಕಾಲದ ಎಷ್ಟೋ ಕಸಬುದಾರರು 12ರ ತೋಟಾ ಕೂರುವ ಕೋವಿಯ ನಳಿಗೆಯನ್ನು ಅರ್ಧ ಮಿ.ಮೀ. ಬಿಗಿಯಾಗಿ ಕೊರೆಯುತ್ತಿದ್ದರು. ಹಾಗಾಗಿ ಹುಡುಗ 13ರ ತೋಟಾ ಹುಡುಕಿದ್ದು ತಪ್ಪು. 12 ಎಂದು ಊಹಿಸಿದ್ದು ಸರಿ. ಆದರೆ ಆ ಸರಿ ಅರ್ಧ ಸರಿ. ಬರಹದಲ್ಲಿ ನೈಟ್ರೊ ಎಂಬ ಮಾತಿಲ್ಲ. ಅಂದರೆ ಈ ನಳಿಗೆ ಪರೀಕ್ಷೆಗೆ ಒಳಗಾದದ್ದು ಕರಿಮದ್ದಿಗೆ ಮಾತ್ರ. ಬರೆದದ್ದನ್ನು ಓದುವಷ್ಟೇ ಬರೆಯದೆ ಬಿಟ್ಟದ್ದನ್ನೂ ಓದಬೇಕು ಎಂಬುದು ಶಾಸನಶಾಸ್ತ್ರದ ಮೊದಲ ಪಾಠ. ನಾನೇ ಅದನ್ನು ಮೂವತ್ತು ವರ್ಷ ಹೇಳಿಕೊಟ್ಟವನು. ಹಲ್ಮಿಡಿಯ ಕಲ್ಲಿನಲ್ಲಿ ಒಂದು ಅಕ್ಷರದ ತಿರುವನ್ನು ಹಿಡಿದು ಕಾಲ ನಿರ್ಣಯದ ಚರ್ಚೆ ಮಾಡಿದವನು, ನಮ್ಮ ಮನೆಯ ಕೋವಿಯ ಅಡಿಯನ್ನು ಒಮ್ಮೆಯೂ ಮಗುಚಿ ನೋಡಿರಲಿಲ್ಲ.

ಎರಡನೆಯದು ಉದ್ದದ ವಿಷಯ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಜಾಗ, ಅಂದರೆ ತೋಟಾಮನೆ, ಸಾಮಾನ್ಯವಾಗಿ ಎರಡೂವರೆ ಇಂಚು, 65 ಮಿ.ಮೀ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ತೋಟಾ 70 ಮಿ.ಮೀ. ಐದು ಮಿ.ಮೀ. ಉದ್ದದ ವಸ್ತು ಗಿಡ್ಡ ಜಾಗದಲ್ಲಿ ಕೂರಬಾರದಲ್ಲವೇ? ಅದೇ ಮೋಸ. ಪೆಟ್ಟಿಗೆಯ ಮೇಲೆ ಬರೆದ ಉದ್ದ ಹಾರಿಸಿದ ಮೇಲಿನ ಉದ್ದ. ಹಾರಿಸುವ ಮೊದಲು ತೋಟಾದ ಬಾಯಿಯನ್ನು ಮಡಿಸಿ ಮುಚ್ಚಿರುತ್ತಾರೆ. ಆಗ ಅದು 60 ಮಿ.ಮೀ.ಗಿಂತಲೂ ಗಿಡ್ಡ. ಆದುದರಿಂದ 65ರ ಮನೆಯಲ್ಲಿ ಅದು ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಮದ್ದು ಹೊತ್ತಿದ ಗಳಿಗೆಯಲ್ಲಿ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚಿಕೊಳ್ಳಬೇಕು. ಆದರೆ ಮುಂದೆ ಜಾಗವಿಲ್ಲ. ತೋಟಾಮನೆ ಮುಗಿದು ನಳಿಗೆ ಕಿರಿದಾಗುವ ಕುತ್ತಿಗೆ ಅಲ್ಲಿದೆ. ಬಿಚ್ಚಿದ ಬಾಯಿ ಆ ಕುತ್ತಿಗೆಯೊಳಗೆ ಸಿಕ್ಕಿ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಚರೆ ಆ ಇಕ್ಕಟ್ಟಿನಲ್ಲಿ ನುಗ್ಗಬೇಕು. ಒತ್ತಡ ಹಿಂದೆ ಏರುತ್ತದೆ. ಗಟ್ಟಿಮುಟ್ಟಾದ ಕೋವಿ ಅದನ್ನು ಸಹಿಸಬಹುದು. ಹಳೆಯ, ತೆಳುವಾದ ನಳಿಗೆ ಸಹಿಸಲಾರದು.

ಮೂರನೆಯದು ಮದ್ದು. ಕರಿಮದ್ದು ಪೆಟ್ಲುಪ್ಪು, ಇದ್ದಲು, ಗಂಧಕಗಳ ಮಿಶ್ರಣ; ವಾಡಿಕೆಯ ಪ್ರಮಾಣ ನೂರರಲ್ಲಿ 75, 15, 10. ಹೊಗೆಯಿಲ್ಲದ ಮದ್ದು ಬೇರೆಯೇ ರಾಸಾಯನಿಕ ವಸ್ತು. ಅಷ್ಟೇ ತೂಕಕ್ಕೆ ಅದರ ಶಕ್ತಿ ಬಹಳ ಹೆಚ್ಚು. ಅಜ್ಜನ ಅಳತೆಬಟ್ಟಲಿನಲ್ಲಿ ಹೊಸ ಮದ್ದನ್ನು ಅಳೆದು ತುಂಬುವವನು ತನ್ನ ಮುಖದೆದುರಿಗೇ ಬಾಂಬು ಕಟ್ಟಿಕೊಂಡ ಹಾಗೆ. ಇನ್ನು ನಳಿಗೆಯ ಮೇಲಿನ ಆ ಸುಳಿಗೆರೆಗಳು. ಅವಕ್ಕೆ ಡಮಾಸ್ಕಸ್ ಎಂಬ ಹೆಸರು. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಕಾಯಿಸಿ, ಹಗ್ಗದಂತೆ ಹೊಸೆದು, ಸರಳಿನ ಸುತ್ತ ಸುರುಳಿ ಸುತ್ತಿ, ಬಡಿದು ಬೆಸೆದ ನಳಿಗೆಗಳು ಅವು. ನೋಡಲು ರೇಷ್ಮೆಯ ಸೀರೆಯ ಹಾಗೆ. ಆದರೆ ಬೆಸುಗೆಯ ಸಂದಿನಲ್ಲಿ ಒಂದು ಎಳೆ ಕಸ ಅಂದು ಉಳಿದಿದ್ದರೆ, ಅಲ್ಲಿ ತುಕ್ಕು ನೂರು ವರ್ಷ ಒಳಗೊಳಗೇ ಕೆಲಸ ಮಾಡಿರುತ್ತದೆ. ಡಮಾಸ್ಕಸ್ ಎಂದೊಡನೆ ಹಾರಿಸಲೇಬಾರದೆಂದಲ್ಲ. ನೈಟ್ರೊ ಪರೀಕ್ಷೆಯಲ್ಲಿ ತೇರ್ಗಡೆಯಾದ ಡಮಾಸ್ಕಸ್ ನಳಿಗೆಗಳೂ ಇವೆ. ಅಂದದಿಂದ ಬಲವನ್ನು ಅಳೆಯಬಾರದು ಎಂಬುದಷ್ಟೇ ಮಾತು.

ನಾಲ್ಕನೆಯದು ಚರೆಯ ತೂಕ. ಬರ್ಮಿಂಗ್‌ಹ್ಯಾಮಿನ ಗ್ರೀನರ್ ಎಂಬ ಹೆಸರಾಂತ ಕೋವಿಗಾರನ ಹೆಸರಿನಲ್ಲಿ ಒಂದು ಲೆಕ್ಕ ಪ್ರಚಾರದಲ್ಲಿದೆ. ಕೋವಿಯ ತೂಕ ಅದರೊಳಗಿನ ಚರೆಯ ತೂಕಕ್ಕಿಂತ 96 ಪಟ್ಟಾದರೂ ಇರಬೇಕೆಂಬುದು ಆ ಲೆಕ್ಕ. ಆರು ಪೌಂಡಿನ ಕೋವಿಯೆಂದರೆ 96 ಔನ್ಸು. ಅದಕ್ಕೆ ಒಂದು ಔನ್ಸು, ಅಂದರೆ ಸುಮಾರು 28 ಗ್ರಾಂ ಚರೆ ಸಾಕು. ಹೆಚ್ಚು ತುಂಬಿದರೆ ಹೊಡೆದವನ ಭುಜಕ್ಕೂ ಪೆಟ್ಟು, ಕೋವಿಯ ಸಂದುಗಳಿಗೂ ಪೆಟ್ಟು. 'ಮ್ಯಾಗ್ನಮ್' ಎಂಬ ಹೆಸರಿನ ಭಾರದ ತೋಟಾಗಳು ಹಳೆಯ ಕೋವಿಯ ಹತ್ತಿರವೂ ಸುಳಿಯಬಾರದು.

ಇನ್ನೊಂದು ಎಚ್ಚರವನ್ನೂ ಆ ಹಿರಿಯರು ಹೇಳಿದರು. ಬೇರೆ ಬೇರೆ ಬೋರಿನ ತೋಟಾಗಳನ್ನು ಒಂದೇ ಜೇಬಿನಲ್ಲಿ ಹಾಕಿಕೊಳ್ಳಬಾರದು. 20 ಬೋರಿನ ತೋಟಾ 12ರ ಕೋವಿಯೊಳಗೆ ಜಾರಿ ಮುಂದೆ ಹೋಗಿ ಕುತ್ತಿಗೆಯಲ್ಲಿ ನಿಲ್ಲುತ್ತದೆ. ಹಾಕಿದ್ದು ಮರೆತು ಹಿಂದಿನಿಂದ 12ರ ತೋಟಾ ಹಾಕಿದರೆ, ಆ ನಳಿಗೆಯ ಗತಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿ ಅವರು ಅಳತೆ ಮಾಡಲು ಕೂತರು. ತೋಟಾಮನೆಗೆ ಅಳತೆಗೋಲು ಇಳಿಸಿದರು. ಸರಿಯಾಗಿ ಎರಡೂವರೆ ಇಂಚು. ನಳಿಗೆಯ ಒಳಗೆ ಬೆಳಕು ಬಿಟ್ಟು ಒಬ್ಬೊಬ್ಬರನ್ನಾಗಿ ನೋಡಲು ಹೇಳಿದರು. ಎಡನಳಿಗೆಯಲ್ಲಿ, ಕುತ್ತಿಗೆಯಿಂದ ನಾಲ್ಕು ಬೆರಳು ಮುಂದೆ, ಸಿಡುಬಿನ ಕಲೆಗಳಂತೆ ತುಕ್ಕು ತಿಂದ ಗುಳಿಗಳಿದ್ದವು. ಗೋಡೆಯ ದಪ್ಪ ಅಳೆದರು. ನಳಿಗೆಯ ಅತಿ ತೆಳುವಾದ ಭಾಗವೂ ಅರ್ಧ ಮಿ.ಮೀ.ಗಿಂತ ಕಡಿಮೆ ಇರಬಾರದೆಂದು ಕಸಬಿನವರು ಬಯಸುತ್ತಾರೆ. ಇಲ್ಲಿ ಒತ್ತಡ ಅತಿ ಹೆಚ್ಚು ಬೀಳುವ ಜಾಗದಲ್ಲಿಯೇ ಕಬ್ಬಿಣ ಸವೆದಿತ್ತು. ಹಿಂದೆ ಯಾರೋ ತುಕ್ಕು ತೆಗೆಯಲು ಒಳಗನ್ನು ಉಜ್ಜಿದ್ದೂ ಕಂಡಿತು.

"ಮುದ್ರೆ ಅಂದಿನ ನಳಿಗೆಗೆ ಹೇಳಿದ ಮಾತು" ಎಂದರು ಅವರು. "ಆ ಮೇಲೆ ಅದರ ಮೈಯಿಂದ ಎಷ್ಟು ಹೋಯಿತೋ ಅಷ್ಟು ಮಾತೂ ಹೋಯಿತು."

ಹುಡುಗ ಬಿಡಲಿಲ್ಲ. "ಮರಕ್ಕೆ ಕಟ್ಟಿ, ದೂರದಿಂದ ಹಗ್ಗ ಎಳೆದು ಒಂದು ಗುಂಡು ಹಾರಿಸಿ ನೋಡಿದರೆ ಗೊತ್ತಾಗುವುದಿಲ್ಲವೇ?" ಎಂದ.

ಆ ಹಿರಿಯರು ಅವನ ಮುಖವನ್ನೇ ನೋಡಿದರು. "ಒಡೆದರೆ ಒಡೆಯಿತೆಂದು ಗೊತ್ತಾಗುತ್ತದೆ. ಒಡೆಯದಿದ್ದರೆ ಏನು ಗೊತ್ತಾಗುತ್ತದೆ, ಮಗು? ಅಂದು ತಡೆಯಿತು ಎಂದಷ್ಟೇ. ಒಳಗೆ ಬಿರುಕು ಬಿಟ್ಟಿತೋ ಇಲ್ಲವೋ ಅದು ಹೇಳುವುದಿಲ್ಲ. ಎರಡನೆಯದನ್ನು ನೀನು ಕೈಯಲ್ಲಿ ಹಿಡಿದು ಹಾರಿಸುತ್ತೀ."

ಎರಡನೆಯದು. ಅಣ್ಣನ ಕೈಯಲ್ಲಿ ಒಡೆದದ್ದೂ ಎರಡನೆಯ ಗುಂಡಿಗೇ. ನಾನು ಎದ್ದು ಹೊರಗೆ ಜಗಲಿಗೆ ಬಂದು ಸ್ವಲ್ಪ ಹೊತ್ತು ನಿಂತೆ.

ಒಳಗೆ ಹುಡುಗ ಕೇಳುತ್ತಿದ್ದ: "ಹಾಗಾದರೆ ಇದಕ್ಕೆ ತಕ್ಕ ತೋಟಾ ಯಾವುದು?"

"ಇತ್ತು. ಎರಡೂವರೆ ಇಂಚಿನದು, ಕರಿಮದ್ದಿನದು, ಒಂದು ಔನ್ಸು ಚರೆಯದು. ಇವತ್ತು ಈ ನಳಿಗೆಗೆ ಅದೂ ಬೇಡ."

ಕೇಳುಗರು ಇದನ್ನು ಎಲ್ಲ ಹಳೆಯ ಕೋವಿಗಳಿಗೂ ಕೊಟ್ಟ ತೀರ್ಪೆಂದು ತಿಳಿಯಬಾರದು. ನೈಟ್ರೊ ಮುದ್ರೆ ಇದ್ದು, ನಳಿಗೆಯ ದಪ್ಪ ಉಳಿದಿದ್ದು, ತೋಟಾಮನೆ 65 ಮಿ.ಮೀ. ಎಂದು ಅಳೆದು ಗೊತ್ತಾದ ಕೋವಿ, 65ರ ಹಗುರ ತೋಟಾದಿಂದ ಇನ್ನೂ ಬಹುಕಾಲ ಬಾಳಬಹುದು. ಆದರೆ ಅಳೆಯುವವರು ಕಸಬು ಬಲ್ಲವರಾಗಿರಬೇಕು. 65ರದು ಸಿಗದಿದ್ದರೆ 70 ಆದೀತೆಂಬ ಸಮಾಧಾನ ಬೇಡ. ಸಿಗುವ ತನಕ ಕೋವಿ ಗೋಡೆಯ ಮೇಲಿರಲಿ. ಮನೆಯಲ್ಲಿ ತಾನೇ ಮದ್ದು ತುಂಬುವ ಸಾಹಸವಂತೂ ಕಾಯಿದೆಗೂ ವಿರುದ್ಧವಾದೀತು, ಪ್ರಾಣಕ್ಕೂ ಎರವಾದೀತು. ನನ್ನ ಅಜ್ಜನ ಕೈಗಿದ್ದ ಅಭ್ಯಾಸ ನನ್ನ ಕೈಗಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಹಿಂದಿರುಗುವಾಗ ಹುಡುಗ ಮೌನವಾಗಿದ್ದ. ನಾನು ದಾರಿಯಲ್ಲಿ 1988ರ ಕಥೆಯನ್ನು ಅವನಿಗೆ ಹೇಳಿದೆ. ತೋಟಾ ಕೊಂಡು ತಂದವನು ನಾನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಪ್ಪ ಮದ್ದು ಹಾಳಾಗಿತ್ತೆಂದೇ ಹೇಳುತ್ತಿದ್ದನಂತೆ. ನಾನು ಊರಿಗೆ ಹೋಗದೆ ವಿಧಿಯಿರಲಿಲ್ಲ.

ಅಣ್ಣ ಜಗಲಿಯ ಮೇಲೆ ಕೂತಿದ್ದ. ಕಂಬಳಿಯ ಗಂಟನ್ನು ಅವನ ಮುಂದೆ ಬಿಚ್ಚಿದೆವು. ಎಪ್ಪತ್ತು ಮುಟ್ಟಿದ ಆ ಮನುಷ್ಯ ಮೂರು ಬೆರಳಿನ ಎಡಗೈಯಿಂದ ನಳಿಗೆಯ ಸುಳಿಗಳನ್ನು ಸವರಿದ. ನಾನು ಹೇಳಬೇಕಾದ್ದನ್ನು ಹೇಳಿದೆ. 12 ಎಂದು ಓದಿದ್ದನ್ನು, 70 ಎಂದು ಓದಿಯೂ ಅರ್ಥ ಕೇಳದೆ ಇದ್ದುದನ್ನು, ಅಡಿಯ ಬರಹವನ್ನು ನೋಡದೆ ಹೋದದ್ದನ್ನು ಹೇಳಿದೆ. ಮದ್ದು ಹಾಳಾಗಿರಲಿಲ್ಲ ಎಂದೂ ಹೇಳಿದೆ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ಮೊದಲನೆಯದು ಹಾರಿದಾಗಲೇ ಭುಜ ಹೇಳಿತ್ತು. ನಾನೂ ಓದಲಿಲ್ಲ." ಮತ್ತೆ ಮಗನ ಕಡೆ ತಿರುಗಿ, "ಈ ಕೋವಿಗೆ ಏನಂತೆ?" ಎಂದ.

"ಯಾವ ತೋಟಾವೂ ಬೇಡವಂತೆ, ಅಪ್ಪ."

"ಹಾಗಾದರೆ ನಿವೃತ್ತಿ ಅನ್ನು. ನಿನ್ನ ಕುಂಞಪ್ಪನ ಹಾಗೆ. ಹಬ್ಬದ ದಿನ ಬಂದು ಕೂತರೆ ಸಾಕು."

ಕೈಲ್‌ಪೊಳ್ದಿನ ಬೆಳಿಗ್ಗೆ ಆ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಉಳಿದವುಗಳ ಸಾಲಿನಲ್ಲಿಯೇ ಇಟ್ಟೆವು. ತೆಂಗಿನಕಾಯಿಗೆ ಹುಡುಗ ತನ್ನ ಹೊಸ ಕೋವಿಯಿಂದ, ಅದಕ್ಕೆಂದೇ ಮಾಡಿದ ತೋಟಾದಿಂದ ಗುರಿ ಇಟ್ಟ. ಹಾಕುವ ಮೊದಲು ತೋಟಾದ ಮೈಮೇಲಿನ ಬರಹವನ್ನೂ ನಳಿಗೆಯ ಮೇಲಿನ ಬರಹವನ್ನೂ ಒಂದರ ಪಕ್ಕ ಒಂದು ಹಿಡಿದು ಓದಿದ್ದನ್ನು ನಾನು ಕಂಡೆ. ಯಾರೂ ಹೇಳಿರಲಿಲ್ಲ. ಹಳೆಯ ಕೋವಿಯ ಎರಡು ಬಾಯಿಗೂ ತೋಕ್ ಪೂ ಸಿಕ್ಕಿಸಿದವನು ಅಣ್ಣ. ಬಲನಳಿಗೆಯಲ್ಲಿ ಹೂವಿನ ತೊಟ್ಟು ನಿಲ್ಲದೆ ಜಾರುತ್ತಿತ್ತು. ಎರಡು ಹೂವನ್ನು ಜೋಡಿಸಿ ಇಟ್ಟ. ಆಗ ಸರಿಯಾಗಿ ನಿಂತಿತು.